ಕಬ್ಬನ್ನು ಯಾರೂ ಕತ್ತರಿಸುವುದಿಲ್ಲ

ಮುಧೋಳದಿಂದ ಪ್ರೌಢಶಾಲೆಯ ಇಂಗ್ಲಿಷ್ ಶಿಕ್ಷಕರೊಬ್ಬರು ಬರೆದ ಪತ್ರ ಈ ತಿಂಗಳು ನನ್ನ ಮೇಜಿನ ಮೇಲೆ ಉಳಿದೆಲ್ಲ ಪತ್ರಗಳಿಗಿಂತ ಹೆಚ್ಚು ದಿನ ಕುಳಿತಿತ್ತು. ಅದರ ಮುಖ್ಯ ಭಾಗ ಹೀಗಿದೆ:

“ಎಂಟನೆಯ ತರಗತಿಗೆ ‘ಕಟ್’ ಎಂಬ ಶಬ್ದವನ್ನು ಕಲಿಸುತ್ತಿದ್ದೆ. ಅದರ ಸಮಾನಾರ್ಥಕಗಳನ್ನು ಹಲಗೆಯ ಮೇಲೆ ಬರೆದೆ: ಚಾಪ್, ಸ್ಲೈಸ್, ಮಿನ್ಸ್, ಕಾರ್ವ್, ಟ್ರಿಮ್, ಪ್ರೂನ್, ಸೀವರ್. ಒಬ್ಬ ಹುಡುಗಿ ಎದ್ದು ನಿಂತು ಇವುಗಳ ಕನ್ನಡ ಅರ್ಥ ಕೇಳಿದಳು. ನಿಘಂಟು ತೆಗೆದು ನೋಡಿದರೆ ಹೆಚ್ಚುಕಡಿಮೆ ಎಲ್ಲದರ ಮುಂದೆಯೂ ‘ಕತ್ತರಿಸು’ ಎಂದೇ ಇತ್ತು. ಅದನ್ನೇ ಏಳು ಸಲ ಹೇಳಿ ಕುಳಿತೆ. ಕನ್ನಡ ಭಾವನೆಗೆ ಶ್ರೀಮಂತ ಭಾಷೆ, ಆದರೆ ಇಂಥ ಸೂಕ್ಷ್ಮಕ್ಕೆ ಬಡ ಭಾಷೆ ಎಂದು ಅಂದು ನನಗೆ ಅನಿಸಿತು. ನಿಮ್ಮ ಪತ್ರಿಕೆ ಯಾವಾಗಲೂ ಕನ್ನಡದ ಪರವಾಗಿ ವಾದಿಸುತ್ತದೆ. ಇದಕ್ಕೆ ಏನು ಹೇಳುತ್ತೀರಿ? ಕಡೆಯ ಪಕ್ಷ ‘ಸೀವರ್’ ಎಂಬುದಕ್ಕಾದರೂ ಒಂದು ಸರಿಯಾದ ಕನ್ನಡ ಶಬ್ದವನ್ನು ತಿಳಿಸಿರಿ.”

ಗುರುಗಳೇ, ಮೊದಲು ನಿಮ್ಮ ಪಕ್ಷದ ಮಾತನ್ನು ಹೇಳಿಬಿಡುತ್ತೇನೆ. ಇಂಗ್ಲಿಷಿನ ಶಬ್ದಭಂಡಾರ ದೊಡ್ಡದು. ಅದನ್ನು ಅಲ್ಲಗಳೆಯುವ ಮನಸ್ಸು ನನಗಿಲ್ಲ. ಪೀಟರ್ ಮಾರ್ಕ್ ರೋಜೆ ಎಂಬ ವೈದ್ಯ 1852ರಲ್ಲಿ ಪ್ರಕಟಿಸಿದ ಸಮಾನಾರ್ಥಕ ಕೋಶ ಇಂದಿಗೂ ಪರಿಷ್ಕಾರವಾಗುತ್ತ ಅಚ್ಚಾಗುತ್ತಿದೆ. ನೀವು ಹಿಡಿದ ‘ಕಟ್’ ಎಂಬ ಶಬ್ದದ ಕಥೆಯೂ ಸೊಗಸಾಗಿದೆ. ಹಳೆಯ ಇಂಗ್ಲಿಷಿನಲ್ಲಿ ಅದು ಸಿಗುವುದಿಲ್ಲ. 1300ರ ಸುಮಾರಿಗೆ ಬರವಣಿಗೆಯಲ್ಲಿ ತಲೆ ತೋರಿಸುತ್ತದೆ, ಸ್ಕ್ಯಾಂಡಿನೇವಿಯದ ಕಡೆಯಿಂದ ಬಂದಿರಬೇಕೆಂದು ಪಂಡಿತರು ಊಹಿಸುತ್ತಾರೆ. ಅದಕ್ಕೂ ಮೊದಲು ಆ ಕೆಲಸವನ್ನೆಲ್ಲ ನಡೆಸುತ್ತಿದ್ದದ್ದು ಇಂದಿನ ‘ಕಾರ್ವ್’ ಶಬ್ದದ ಹಿರಿಯ ರೂಪ. ಹೊಸಬ ಬಂದು ಪಡಸಾಲೆ ಹಿಡಿದ ಮೇಲೆ ಹಳಬ ಕಲ್ಲು, ಕಟ್ಟಿಗೆ, ಊಟದ ಮೇಜಿನ ಮಾಂಸ ಎಂಬ ಮೂಲೆಗೆ ಸರಿದು ಕುಳಿತ. ಜರ್ಮನ್ನರ ‘ಶ್ನೈಡೆನ್’ ಎಂಬುದಕ್ಕೆ ಬಂಧುವಾದ ಇನ್ನೊಂದು ಶಬ್ದವಂತೂ ಬಳಕೆಯಿಂದಲೇ ಮಾಯವಾಯಿತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಳುವವರ ಫ್ರೆಂಚಿನಿಂದ ಅಡುಗೆಮನೆಯ ಶಬ್ದಗಳೂ ನ್ಯಾಯಾಲಯದ ಶಬ್ದಗಳೂ ಹರಿದುಬಂದವು. ನೀವು ಹಲಗೆಯ ಮೇಲೆ ಬರೆದ ಏಳರಲ್ಲಿ ಸ್ಲೈಸ್, ಮಿನ್ಸ್, ಪ್ರೂನ್, ಸೀವರ್ ಈ ನಾಲ್ಕು ಫ್ರೆಂಚಿನಿಂದ ಬಂದವು. ಆ ಭಾಷೆ ಕಡ ತಂದದ್ದನ್ನು ಹಾಳುಮಾಡದೆ ಒಂದೊಂದಕ್ಕೂ ಒಂದೊಂದು ಕೆಲಸ ಹಚ್ಚಿತು. ಇದು ಅದರ ಜಾಣತನ, ಒಪ್ಪಿದೆ.

ಇನ್ನೊಂದು ಮಾತನ್ನು ನಿಮ್ಮ ಮಕ್ಕಳಿಗೆ ಅವಶ್ಯ ಹೇಳಿರಿ. ಶರ್ಟ್, ಸ್ಕರ್ಟ್, ಶಾರ್ಟ್, ಶೇರ್ ಈ ನಾಲ್ಕೂ ‘ಕತ್ತರಿಸು’ ಎಂಬ ಅರ್ಥದ ಒಂದೇ ಹಳೆಯ ಧಾತುವಿನಿಂದ ಹುಟ್ಟಿದವು; ತುಂಡು ಮಾಡಿದ ಬಟ್ಟೆ, ತುಂಡಾದ್ದರಿಂದ ಮೋಟಾದದ್ದು, ತುಂಡು ಮಾಡಿ ಹಂಚಿದ ಪಾಲು. ಇದನ್ನು ಓದಿ ಬೆರಗಾಗುವ ನಾವು ನಮ್ಮ ಮೈಮೇಲಿನ ‘ಅರಿವಿ’ಯನ್ನು ಯಾಕೆ ನೋಡಿಕೊಳ್ಳುವುದಿಲ್ಲ? ಬೆಂಗಳೂರು ಕಡೆಯವರು ‘ಬಟ್ಟೆ’ ಅನ್ನುವುದಕ್ಕೆ ನಾವು ಬೆಳಗಾವಿ, ಬಾಗಲಕೋಟೆ, ವಿಜಯಪುರದವರು ದಿನಬೆಳಗಾದರೆ ಅನ್ನುವ ಶಬ್ದ ಅದು. ಹಳಗನ್ನಡದಲ್ಲಿ ಅದು ಅಱುವೆ, ಹಳೆಯ ತಮಿಳಿನಲ್ಲಿ ಅಱುವೈ. ಎರಡರ ಬೇರೂ ‘ತುಂಡಾಗು, ಕಡಿದುಹೋಗು’ ಎಂಬ ಅರ್ಥದ ದ್ರಾವಿಡ ಧಾತು. ಇಂಗ್ಲೆಂಡಿನವರ ಶರ್ಟೂ ನಮ್ಮ ಅರಿವಿಯೂ ಒಂದೇ ವಿಚಾರದಿಂದ ಹುಟ್ಟಿವೆ. ಶರ್ಟಿನ ಕಥೆ ಪಾಠವಾಗುತ್ತದೆ, ಅರಿವಿಯನ್ನು ಮಾತ್ರ ಪ್ರಬಂಧದಲ್ಲಿ ಬರೆದ ಹುಡುಗನಿಗೆ ಕೆಂಪು ಗೆರೆ ಬೀಳುತ್ತದೆ.

ಇನ್ನು ನಿಮ್ಮ ಮೇಲಿನ ನನ್ನ ತಕರಾರು. ಹುಡುಗಿ ಕೇಳಿದಾಗ ನೀವು ನಿಘಂಟನ್ನು ತೆರೆದಿರಿ. ತೆರೆಯಬೇಕಾದದ್ದು ತರಗತಿಯ ಬಾಯಿಯನ್ನು. ಮುಧೋಳ ಘಟಪ್ರಭೆಯ ದಂಡೆಯ ಊರು, ಸುತ್ತಲೂ ಕಬ್ಬು. ನಿಮ್ಮ ಎದುರಿಗೆ ಕುಳಿತ ಮಕ್ಕಳಲ್ಲಿ ಅರ್ಧದಷ್ಟಾದರೂ ಕಬ್ಬಿನ ಹೊಲದಿಂದ ಎದ್ದು ಬಂದವರಿರಬೇಕು. “ನಿಮ್ಮಪ್ಪ ಕಬ್ಬಿಗೆ ಏನು ಮಾಡುತ್ತಾನೆ?” ಎಂದು ಒಂದು ಪ್ರಶ್ನೆ ಹಾಕಿದ್ದರೆ ಸಾಕಿತ್ತು. ‘ಕತ್ತರಿಸುತ್ತಾನೆ’ ಎಂದು ಒಬ್ಬನೂ ಹೇಳುತ್ತಿರಲಿಲ್ಲ.

ಕೆಲ ವರ್ಷಗಳ ಹಿಂದೆ ಜಮಖಂಡಿಯ ಹತ್ತಿರ ಗೆಳೆಯನೊಬ್ಬನ ಹೊಲದ ಬದುವಿನ ಮೇಲೆ ಕುಳಿತಿದ್ದೆ. ಯಾವುದೋ ಕಾರ್ಖಾನೆಯವರು ಹಂಚಿದ ಕರಪತ್ರ ಗೆಳೆಯನ ಕೈಯಲ್ಲಿತ್ತು. ಇಂಗ್ಲಿಷಿನಿಂದ ಮಾಡಿಸಿದ ಕನ್ನಡ. “ಕಬ್ಬನ್ನು ನೆಲಮಟ್ಟದಲ್ಲಿ ಕತ್ತರಿಸತಕ್ಕದ್ದು” ಎಂದಿತ್ತು. ಸಲಹೆ ಸರಿಯಾದದ್ದೇ, ಸಕ್ಕರೆಯ ಅಂಶ ಬುಡದ ಗಣಿಕೆಗಳಲ್ಲಿ ಹೆಚ್ಚು, ನೆಲಕ್ಕೆ ಹತ್ತಿಸಿ ತೆಗೆದರೆ ಕುಳೆಯೂ (ಉಳಿದ ಬುಡದಿಂದ ಮತ್ತೆ ಬರುವ ಬೆಳೆ) ನೆಲದೊಳಗಿನ ಕಣ್ಣಿನಿಂದ ಗಟ್ಟಿಯಾಗಿ ಒಡೆಯುತ್ತದೆ. ಗೆಳೆಯ ಅದನ್ನು ಗಟ್ಟಿಯಾಗಿ ಓದಿ ಹೇಳಿದಾಗ ಕಬ್ಬಿನ ಕೆಲಸಕ್ಕೆ ಬಂದ ಗ್ಯಾಂಗಿನ ಹಿರಿಯನೊಬ್ಬ ಕೆಲಸ ನಿಲ್ಲಿಸದೆಯೇ ಅಂದ: “ಕಬ್ಬು ಕತ್ತರಸೂದಲ್ರೀ ಸಾವ್ಕಾರ್ರ, ಕಡಿಯೂದು. ಕತ್ತರಸಾಕ ಇದೇನ್ ಅರಿವಿ ಏನ್ರೀ?” ಎಡಗೈಯಿಂದ ಕಬ್ಬನ್ನು ತಬ್ಬಿ ಹಿಡಿದು, ಸೊಂಟ ಬಗ್ಗಿಸಿ, ಬುಡಕ್ಕೆ ಒಂದೇ ಏಟು, ಆಮೇಲೆ ಅದೇ ಅಲಗಿನ ಬೆನ್ನಿನಿಂದ ರವದಿಯನ್ನು (ಕಬ್ಬಿನ ಒಣಗರಿ) ಸವರಿ ಇಳಿಸಿ, ತುದಿಯನ್ನು ಇನ್ನೊಂದು ಏಟಿಗೆ ಹಾರಿಸಿ, ಕಬ್ಬನ್ನು ಸಾಲಿಗೆ ಮಲಗಿಸುತ್ತಿದ್ದ. ಅವನ ಒಂದು ವಾಕ್ಯದಲ್ಲಿ ನನಗೆ ಒಂದು ವ್ಯಾಕರಣ ಪಾಠ ಸಿಕ್ಕಿತು. ಕಡಿಯುವುದೆಂದರೆ ಏಟು. ಕತ್ತರಿಸುವುದೆಂದರೆ ಕತ್ತರಿಯ ಕೆಲಸ, ಎರಡು ಅಲಗುಗಳು ಒಂದನ್ನೊಂದು ಕೂಡುವ ಕೆಲಸ. ಶಬ್ದದ ಹೊಟ್ಟೆಯಲ್ಲೇ ಕತ್ತರಿ ಇದೆ, ಆ ಕತ್ತರಿಯೂ ಸಂಸ್ಕೃತದ ‘ಕರ್ತರೀ’ಯಿಂದ ಬಂದದ್ದು. ದರ್ಜಿ ಕತ್ತರಿಸುತ್ತಾನೆ, ಕ್ಷೌರಿಕ ಕತ್ತರಿಸುತ್ತಾನೆ. ಇವರಿಬ್ಬರ ಶಬ್ದವನ್ನು ತಂದು ನಿಘಂಟುಕಾರರು ಇಡೀ ಕರ್ನಾಟಕದ ಕೊಡಲಿ, ಕುಡಗೋಲು, ಉಳಿ, ಈಳಿಗೆಗಳ ತಲೆಯ ಮೇಲೆ ಕೂಡಿಸಿದ್ದಾರೆ.

ಈಳಿಗೆ ಎಂದೆನಲ್ಲ, ನಮ್ಮ ಕಡೆಯ ಮಾತಿನಲ್ಲಿ ಈಳಿಗಿ, ಅದರ ಮುಂದೆ ಒಂದು ಗಳಿಗೆ ಕೂಡ್ರೋಣ. ನಾನು ಚಿಕ್ಕವನಿದ್ದಾಗ ಅವ್ವನಿಗೆ ಜ್ವರ ಬಂದ ಒಂದು ದಿನ ಬದನೆಕಾಯಿಯ ಕೆಲಸ ನನ್ನ ಪಾಲಿಗೆ ಬಂತು. ಈಳಿಗಿಯ ಮಣೆಯನ್ನು ಕಾಲಿನಿಂದ ಒತ್ತಿ ಹಿಡಿದು ಕುಳಿತು ಹೋಳು ಮಾಡತೊಡಗಿದೆ. ಅವ್ವ ಮಲಗಿದಲ್ಲಿಂದಲೇ ಸಪ್ಪಳ ಕೇಳಿ ಕೂಗಿದಳು: “ಹೆಚ್ಚಬ್ಯಾಡೋ, ಸೀಳು! ಎಣಗಾಯಿಗಿ ಹೆಚ್ಚತಾರೇನು?” ಎಣಗಾಯಿಯ ಬದನೆಗೆ ತೊಟ್ಟು ಹಾಗೆಯೇ ಇರಬೇಕು, ತುದಿಯಿಂದ ತೊಟ್ಟಿನ ಬುಡದವರೆಗೆ ಅಡ್ಡ ಒಂದು, ಉದ್ದ ಒಂದು ಸೀಳು, ನಾಲ್ಕು ಹೋಳಾಗಿಯೂ ಬಿಡದೆ ಕೂಡಿಕೊಂಡಿರಬೇಕು. ಆಮೇಲೆ ಉಪ್ಪುನೀರಿನಲ್ಲಿ ಬಿಡಬೇಕು, ಶೇಂಗಾ ಮತ್ತು ಗುರೆಳ್ಳು ಕುಟ್ಟಿದ ಮಸಾಲೆಯನ್ನು ಬೆರಳಿನಿಂದ ತುಂಬಬೇಕು. ಸೀಳಿದ್ದು ಬೇರೆಯಾಗಿ ಬೀಳಲೇಬೇಕೆಂದಿಲ್ಲ, ಹೆಚ್ಚಿದ್ದು ಬೇರೆಯಾಗಿ ಬೀಳಲೇಬೇಕು. ಉಳ್ಳಾಗಡ್ಡಿಯನ್ನು ಹೆಚ್ಚುತ್ತೇವೆ. ಸವತೆಕಾಯಿಯ ಪಚಡಿಗಾದರೆ ಅದನ್ನು ಅಂಗೈಯಲ್ಲಿ ನಿಲ್ಲಿಸಿಕೊಂಡು ಚಾಕುವಿನಿಂದ ಮೇಲೆ ಮೇಲೆ ಗೀರುಗೀರಾಗಿ ಏಟು ಹಾಕಿ, ಬಳಿಕ ತೆಳ್ಳಗೆ ಇಳಿಸುತ್ತೇವೆ, ಅದು ಕೊಚ್ಚುವುದು. ನಿಮ್ಮ ‘ಮಿನ್ಸ್’ ಕೇಳಿದ ಹುಡುಗಿಯ ಮನೆಯಲ್ಲಿ ಇದು ವಾರಕ್ಕೆರಡು ಸಲ ನಡೆಯುತ್ತಿರಬಹುದು. ಕೊಬ್ಬರಿಯನ್ನು ಹೆರೆಯುತ್ತೇವೆ. ಮಾವಿನಕಾಯಿಯನ್ನು ಮರದಿಂದ ಕೊಯ್ಯುತ್ತೇವೆ, ಉಪ್ಪಿನಕಾಯಿಗೆ ಗೊರಟದ ಸಮೇತ ಕಡಿಯುತ್ತೇವೆ. ಅದೇ ಕಾಯಿ, ಅದೇ ದಿನ, ಎರಡು ಕ್ರಿಯಾಪದ. ತಪ್ಪಿ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಮನೆಯಲ್ಲಿ ಮಗು ಕೂಡ ನಗುತ್ತದೆ.

ಅಲಗೇ ಇಲ್ಲದ ಕಡಿತವೂ ನಮ್ಮಲ್ಲಿದೆ. ವಿಜಯಪುರದ ಎರೆಹೊಲದಲ್ಲಿ ಹಿಂಗಾರಿಯ ಕಡಲೆ ಬಿತ್ತಿ ತಿಂಗಳೊಪ್ಪತ್ತಾದ ಮೇಲೆ ಕುಡಿ ಚಿವುಟುತ್ತಾರೆ. ಕುಡಿ ಹೋದ ಗಿಡ ಮಗ್ಗುಲಿಗೆ ಟಿಸಿಲೊಡೆದು ಹೆಚ್ಚು ಕಾಯಿ ಹಿಡಿಯುತ್ತದೆ, ಚಿವುಟಿದ ಎಲೆ ಮನೆಯಲ್ಲಿ ಪಲ್ಯವಾಗುತ್ತದೆ. ಬೆಳಗಿನ ಮಂಜಿನಲ್ಲಿ ಅರ್ಧ ಸಾಲು ಚಿವುಟುವಷ್ಟರಲ್ಲಿ ಬೆರಳ ತುದಿಗೆ ಹುಳಿ ಹತ್ತುತ್ತದೆ, ಉಗುರಿನ ಸಂದಿನಲ್ಲಿ ಗಾಯವಿದ್ದರೆ ಚುರುಗುಡುತ್ತದೆ. ಈ ಕೆಲಸಕ್ಕೆ ಬೆರಳು ಮತ್ತು ಉಗುರು ಬಿಟ್ಟು ಬೇರೆ ಆಯುಧವಿಲ್ಲ, ಶಬ್ದವೂ ಬೆರಳಿನದೇ. ಉಗುರಿನಿಂದ ಹೋಗುವುದಕ್ಕೆ ಕೊಡಲಿ ಯಾಕೆ ಎಂಬ ಗಾದೆಯನ್ನು ಮಾಡಿದವರು ಯಾವ ಕೆಲಸಕ್ಕೆ ಯಾವ ಸಾಧನ, ಯಾವ ಸಾಧನಕ್ಕೆ ಯಾವ ಮಾತು ಎಂಬುದನ್ನು ಬಲ್ಲವರು. ಅದೇ ಹಿಂಗಾರಿ ಹೊಲದ ಬಿಳಿಜೋಳವನ್ನು ನಮ್ಮವರು ಬಹಳ ಕಡೆ ಕೊಯ್ಯುವುದಿಲ್ಲ, ಬುಡಸಮೇತ ಕೀಳುತ್ತಾರೆ, ಆಮೇಲೆ ತೆನೆ ಮುರಿಯುತ್ತಾರೆ. ಪತ್ರಿಕೆಗಳಲ್ಲಿ ಇದಕ್ಕೂ ‘ಜೋಳ ಕಟಾವು’ ಎಂದು ಬರುತ್ತದೆ. ಕೀಳುವುದಕ್ಕೆ ಕಟಾವು ಎಂದು ಬರೆದ ವರದಿಗಾರ ಆ ಹೊಲಕ್ಕೆ ಹೋಗಿಲ್ಲವೆಂದು ನಾನು ಓದಿದ ಕೂಡಲೇ ಹೇಳಬಲ್ಲೆ.

ಕಲ್ಲಿನ ಮಾತೂ ಹೀಗೆಯೇ. ಬಾದಾಮಿಯ ಬಗ್ಗೆ ಇಂಗ್ಲಿಷಿನಿಂದ ಅನುವಾದಿಸಿದ ಲೇಖನವೊಂದು ನಮ್ಮ ಕಚೇರಿಗೆ ಬಂದಿತ್ತು. ‘ರಾಕ್ ಕಟ್’ ಎಂಬಲ್ಲೆಲ್ಲ “ಬಂಡೆಯನ್ನು ಕತ್ತರಿಸಿ ಮಾಡಿದ ದೇವಾಲಯ” ಎಂದು ಬರೆದಿದ್ದರು. ಚಾಲುಕ್ಯ ಅರಸ ಕೀರ್ತಿವರ್ಮನ ಆಳ್ವಿಕೆಯಲ್ಲಿ ಅವನ ತಮ್ಮ ಮಂಗಲೇಶ 578ರಲ್ಲಿ ಪೂರೈಸಿದ ಮೂರನೆಯ ಗುಹೆಯ ಮುಂದೆ ನಿಂತು ನೋಡಿರಿ. ಅಲ್ಲಿ ಗುಡ್ಡದಿಂದ ತುಂಡು ತೆಗೆದು ಕಟ್ಟಿದ್ದು ಏನೂ ಇಲ್ಲ. ಕೆಂಪು ಮರಳುಗಲ್ಲಿನ ಗುಡ್ಡದ ಮುಖದಿಂದ ಒಳಕ್ಕೆ ಹೊಕ್ಕು, ಬೇಡವಾದ ಕಲ್ಲನ್ನು ಹೊರಗೆ ತೆಗೆಯುತ್ತ, ಬೇಕಾದ ಕಂಬವನ್ನು ಉಳಿಸುತ್ತ ಹೋಗಿದ್ದಾರೆ. ಇದು ಕೊರೆಯುವುದು. ಅಲ್ಲಿಂದ ಬಹಳ ದೂರವಿಲ್ಲದ ಪಟ್ಟದಕಲ್ಲಿಗೆ ಬಂದರೆ ಕೆಲಸ ಬೇರೆಯಾಗುತ್ತದೆ: ಬಂಡೆಯನ್ನು ಸೀಳಿ ತಂದು, ಕೆತ್ತಿ, ಒಂದರ ಮೇಲೊಂದು ಕೂಡಿಸಿ ಕಟ್ಟಿದ ಗುಡಿಗಳು. ಇನ್ನು ಶಾಸನದ ಅಕ್ಷರ ಮೂಡಿಸಿದವನು ಕೊನೆಗೆ ತನ್ನ ಹೆಸರಿನ ಜತೆಗೆ ಬರೆದುಕೊಳ್ಳುವ ಶಬ್ದ ಮೂರನೆಯದು, ‘ಕಂಡರಿಸಿದಂ’. ಕೊರೆ, ಕೆತ್ತು, ಕಂಡರಿಸು. ಒಳಗೆ ಹೋಗುವ ಉಳಿ, ಮೇಲೆ ಓಡಾಡುವ ಉಳಿ, ಅಕ್ಷರದ ದಾರಿ ಹಿಡಿಯುವ ಉಳಿ. ನಿಮ್ಮ ‘ಕಾರ್ವ್’ ಒಂದೇ ಈ ಮೂವರ ಕೆಲಸವನ್ನೂ ಹೊರುತ್ತದೆ. ಆದರೆ ಇದನ್ನು ಹಿಡಿದು ಇಂಗ್ಲಿಷು ಬಡ ಭಾಷೆ ಎಂದು ಯಾರೂ ಪತ್ರ ಬರೆಯುವುದಿಲ್ಲ.

ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿ ಚಂದನದ ವಚನದಲ್ಲಿ ಮೂರು ಕ್ರಿಯೆಗಳನ್ನು ಸಾಲಾಗಿ ಇಡುತ್ತಾಳೆ: ಕಡಿದು, ಕೊರೆದು, ತೇದರೂ ನೊಂದೆನೆಂದು ಚಂದನ ಕಂಪು ಬಿಟ್ಟಿತೇ ಎಂದು ಕೇಳುತ್ತಾಳೆ. ಮುಂದೆ ಅದೇ ವಚನದಲ್ಲಿ ಸಂದುಸಂದಾಗಿ ಕಡಿದ ಕಬ್ಬು ಬರುತ್ತದೆ. ಮರ ಮೊದಲು ಏಟಿಗೆ ಬೀಳುತ್ತದೆ, ಆಮೇಲೆ ಕೊರಡಾಗುತ್ತದೆ, ಕೊನೆಗೆ ಕಲ್ಲಿನ ಮೇಲೆ ಸವೆಯುತ್ತದೆ. ನೋವು ಒಂದೊಂದೇ ಹಂತಕ್ಕೆ ಸಣ್ಣದಾಗಿ ಒಳಗಿಳಿಯುತ್ತದೆ. ಈ ಮೂರನ್ನೂ ‘ಕತ್ತರಿಸಿ ಕತ್ತರಿಸಿ ಕತ್ತರಿಸಿ’ ಎಂದು ಓದಿ ನೋಡಿರಿ, ವಚನವೇ ಸತ್ತುಹೋಗುತ್ತದೆ. ನಮ್ಮ ವಿಜಯಪುರದಲ್ಲಿ ಫ. ಗು. ಹಳಕಟ್ಟಿಯವರು ವಕೀಲಿಯ ಗಳಿಕೆಯನ್ನೂ ಮನೆಯನ್ನೂ ಪಣಕ್ಕಿಟ್ಟು ತಾಳೆಗರಿ ಕೂಡಿಸಿ, 1923ರಲ್ಲಿ ವಚನಗಳ ಸಂಗ್ರಹ ತಂದು, 1926ರಿಂದ ‘ಶಿವಾನುಭವ’ ಪತ್ರಿಕೆ ನಡೆಸಿದ್ದು ಇಂಥ ಮಾತು ಮಣ್ಣುಪಾಲಾಗಬಾರದೆಂದು. ಅದೇ ಊರಿನಲ್ಲಿ ಕುಳಿತು ಪತ್ರಿಕೆ ತಿದ್ದುವ ನನಗೆ ‘ಕಡಿ’ಯನ್ನು ಹೊಡೆದುಹಾಕಿ ‘ಕಟ್ ಮಾಡು’ ಎಂದು ಅಚ್ಚಿಸುವ ಅಧಿಕಾರವಿಲ್ಲವೆಂದು ನಂಬಿದ್ದೇನೆ.

‘ಕಟ್ ಮಾಡು’ ಎಂಬಲ್ಲಿಗೆ ಬಂದೆವು. ನನ್ನ ನಿಜವಾದ ಸಂಕಟ ಇಲ್ಲಿದೆ. ಹೊರಗಿನ ಶಬ್ದ ಬರಬಾರದೆಂದು ನಾನು ಎಂದೂ ಬರೆದಿಲ್ಲ. ಬಸ್ಸು, ಟಿಕೀಟು, ಮೋಟಾರು ಆಯಾ ವಸ್ತುವಿನ ಜತೆಗೇ ಬಂದವು, ಯಾರ ಜಾಗವನ್ನೂ ಕಸಿಯಲಿಲ್ಲ. ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರು ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಎನ್ನುತ್ತಾರೆ. ಬಳ್ಳಿಯ ಕಡ್ಡಿಯನ್ನು ಕಣ್ಣು ಎಣಿಸಿ ಮೊಟಕು ಮಾಡುವ ಆ ಕೆಲಸ ತೋಟದ ಜತೆಗೆ ಬಂತು, ಮರಾಠಿಯ ಶಬ್ದವೂ ಜತೆಗೆ ಬಂತು. ಬೇಲಿಯನ್ನೂ ಬೇವಿನ ಟೊಂಗೆಯನ್ನೂ ಅದೇ ರೈತ ಇಂದಿಗೂ ‘ಸವರು’ತ್ತಾನೆ. ಚಾಟ್ನಿ ಬಂದಿದ್ದರಿಂದ ಸವರುವುದು ಸಾಯಲಿಲ್ಲ. ಇಂಗ್ಲಿಷಿನ ಕ್ರಿಯಾಪದ ಹಾಗಲ್ಲ. ಅದು ಬಂದು ನಮ್ಮ ‘ಮಾಡು’ವಿನ ಹೆಗಲೇರುತ್ತದೆ, ಹೆಗಲೇರಿದ ಮೇಲೆ ಅದರ ದಾರಿಯಲ್ಲಿ ಸಿಕ್ಕ ಹತ್ತು ಕ್ರಿಯಾಪದಗಳು ಒಂದೇ ಏಟಿಗೆ ಹೋಗುತ್ತವೆ. ನಮ್ಮ ಅಡುಗೆ ಅಂಕಣಕ್ಕೆ ಬಂದ ಒಂದು ಬರಹದಲ್ಲಿ ಒಂಬತ್ತು ಸಲ ‘ಕಟ್ ಮಾಡಿ’ ಇತ್ತು. ಬದನೆಕಾಯಿ ಕಟ್ ಮಾಡಿ, ಉಳ್ಳಾಗಡ್ಡಿ ಕಟ್ ಮಾಡಿ, ಕೊತ್ತಂಬರಿ ಕಟ್ ಮಾಡಿ. ಬರೆದ ತಾಯಿಗೆ ಫೋನ್ ಮಾಡಿ ಒಂದೊಂದನ್ನೂ ಹೇಗೆ ಮಾಡುತ್ತೀರಿ ಎಂದು ಕೇಳಿದೆ. ಒಂದು ಕ್ಷಣವೂ ತಡವರಿಸದೆ ಸೀಳು, ಹೆಚ್ಚು, ಸೋಸಿ ಸಣ್ಣಗೆ ಹೆಚ್ಚು ಎಂದು ಹೇಳುತ್ತ ಹೋದರು. “ಮತ್ತೆ ಹಾಗೆಯೇ ಯಾಕೆ ಬರೆಯಲಿಲ್ಲ?” ಎಂದರೆ, “ಪತ್ರಿಕಾದಾಗ ಬರ್ತದಲ್ರೀ, ಛಲೋ ಕಾಣಲೆಂತ” ಎಂದರು. ಆ ಉತ್ತರ ನನ್ನನ್ನು ಬಹಳ ದಿನ ಕೊ‍ರೆಯಿತು. ಕೈಗೆ ಗೊತ್ತಿದೆ, ನಾಲಗೆಗೆ ಗೊತ್ತಿದೆ; ಪೆನ್ನು ಹಿಡಿದಾಗ ಮಾತ್ರ ನಾಚಿಕೆ.

ಈ ನಾಚಿಕೆಯನ್ನು ಕಲಿಸಿದವರು ನಾವೇ, ಗುರುಗಳೇ. ಶಾಲೆಯವರು ಮತ್ತು ಪತ್ರಿಕೆಯವರು. ಪಾಠದ ಕೊನೆಗೆ ‘ಶಬ್ದಗಳ ಅರ್ಥ’ ಎಂದು ಒಂದು ಪಟ್ಟಿ ಇರುತ್ತದೆ, ನಡುವೆ ಸಮ ಚಿಹ್ನೆ. ಗಣಿತದಲ್ಲಿ ಆ ಚಿಹ್ನೆಯ ಎರಡೂ ಕಡೆ ಒಂದೇ ತೂಕ. ಭಾಷೆಯಲ್ಲಿ ಹಾಗೆ ತೂಗುವ ಎರಡು ಶಬ್ದಗಳನ್ನು ನಾನು ಇದುವರೆಗೆ ಕಂಡಿಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟು ಶಬ್ದದ ಜತೆಗೆ ಗಾದೆಯನ್ನೂ ಬಳಕೆಯನ್ನೂ ಇಟ್ಟಿತು. ಜರ್ಮನಿಯಿಂದ ಬಂದ ಆ ಮನುಷ್ಯನಿಗೆ ಶಬ್ದ ಎಲ್ಲಿ ಬದುಕುತ್ತದೆಂಬುದು ತಿಳಿದಿತ್ತು. ಅವರ ಬಳಿಕ ಬಂದ ಕಿಸೆ ನಿಘಂಟುಗಳು ಬಳಕೆಯನ್ನು ಬಿಟ್ಟು ಸಮ ಚಿಹ್ನೆಯನ್ನು ಮಾತ್ರ ಇಟ್ಟುಕೊಂಡವು. ನಿಮ್ಮ ಕೈಗೆ ಸಿಕ್ಕದ್ದು ಅಂಥದೊಂದಿರಬೇಕು. ಅದರ ಬಡತನವನ್ನು ಭಾಷೆಯ ಬಡತನವೆಂದು ತಿಳಿದಿರಿ. ನನಗೆ ಬೇಸರವಾದದ್ದು ಅಷ್ಟಕ್ಕೆ.

ನಮ್ಮ ನೆಲದ ಮೇಲೆ ಇನ್ನೊಂದು ಅನ್ಯಾಯವೂ ಇದೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ತಿರುಳ್ಗನ್ನಡದ, ಅಂದರೆ ಅಚ್ಚ ಕನ್ನಡದ, ನಾಡನ್ನು ಗುರುತಿಸುವಾಗ ಹೆಸರಿಸುವ ನಾಲ್ಕು ಊರುಗಳಲ್ಲಿ ಕಿಸುವೊಳಲ್ ನಮ್ಮ ಪಟ್ಟದಕಲ್ಲು, ಒಕ್ಕುಂದ ಬೆಳಗಾವಿ ಜಿಲ್ಲೆಯದು. ಅಂಥ ನೆಲದ ಮಾತಿಗೆ ಇಂದು ‘ಗ್ರಾಮ್ಯ’, ‘ಪ್ರಾದೇಶಿಕ’ ಎಂಬ ಪಟ್ಟಿ ಅಂಟಿಸಿ ಬದಿಗಿಡುತ್ತಾರೆ. ಈಳಿಗಿ, ರವದಿ, ಕಣಿಕಿ (ಜೋಳದ ದಂಟು), ಅರಿವಿ ಪಠ್ಯದಲ್ಲಿ ಕಾಣುವುದು ಅಪರೂಪ. ಕಂಡರೂ ಕಥೆಯಲ್ಲಿನ ಮುದುಕಿಯ ಬಾಯಲ್ಲಿ ನಗು ತರಿಸಲು. ಹಾಗಾದರೆ ನಿಮ್ಮ ತರಗತಿಯ ಹುಡುಗ ತನ್ನ ಮನೆಯ ಮಾತನ್ನು ಉತ್ತರವೆಂದು ಹೇಳುವ ಧೈರ್ಯವನ್ನು ಎಲ್ಲಿಂದ ತರಬೇಕು? ನೀವಾದರೂ ಮುಧೋಳದವರು, ರನ್ನನ ಊರಿನವರು. ಕನ್ನಡದ ಹಳೆಯ ನಿಘಂಟುಗಳ ಮಾತು ಬಂದಾಗ ಮೊದಲು ಬರುವ ಹೆಸರುಗಳಲ್ಲಿ ‘ರನ್ನಕಂದ’ ಒಂದು, ಇಂದು ಅದರ ಕೆಲವೇ ಪದ್ಯಗಳು ಉಳಿದಿವೆ. ಸಾವಿರ ವರ್ಷದ ಹಿಂದೆ ಶಬ್ದದ ಅರ್ಥವನ್ನು ಪದ್ಯ ಕಟ್ಟಿ ಇಟ್ಟವನ ಊರಿನ ಶಾಲೆಯಲ್ಲಿ ಏಳು ಶಬ್ದಗಳಿಗೆ ಒಂದೇ ಉತ್ತರ ಹೇಳಿ ಕೂಡ್ರುವುದು ನಿಮಗೆ ತಕ್ಕದ್ದಲ್ಲ. ನಿಮ್ಮ ಪತ್ರದ ಭಾಷೆ ನೋಡಿಯೇ ಹೇಳುತ್ತಿದ್ದೇನೆ. ನಿಮ್ಮ ಕಿವಿ ಚೆನ್ನಾಗಿದೆ, ಇಲ್ಲವಾದರೆ ನಿಮಗೆ ಆ ಕೊರತೆ ಕಾಣುತ್ತಲೇ ಇರಲಿಲ್ಲ.

ಕೊನೆಗೆ ‘ಸೀವರ್’, ಅಂದರೆ ಕೂಡಿಕೊಂಡಿದ್ದನ್ನು ತುಂಡಾಗಿಸಿ ಬೇರೆ ಮಾಡುವುದು. ಒಂದು ಶಬ್ದ ಕೇಳಿದಿರಿ, ಕನ್ನಡ ಇಲ್ಲಿ ಎರಡು ಕೊಡುತ್ತದೆ, ಎರಡರ ನಡುವೆ ಆರಿಸಿಕೊಳ್ಳಲೇಬೇಕು. ದನ ಜಗ್ಗಿ ಜಗ್ಗಿ ಕಣ್ಣಿ ಹರಿದುಕೊಂಡು ಹೋಯಿತು ಎನ್ನುತ್ತೇವೆ. ದನ ಕಣ್ಣಿಯನ್ನು ಕಡಿಯಿತು ಎಂದರೆ ಹಲ್ಲಿನಿಂದ ಕಡಿಯಿತೆಂದು ಅರ್ಥ. ಹರಿಯುವುದು ಎಳೆತ ತಾಳದೆ ಆಗುವಂಥದು, ಕಡಿಯುವುದು ಬೇಕೆಂದು ಮಾಡುವಂಥದು. ಅಣ್ಣತಮ್ಮಂದಿರು ಹೊಲದ ಬದುವಿಗಾಗಿ ಮಾತು ಬಿಟ್ಟಾಗ ಊರವರು “ಸಂಬಂಧ ಕಡಕೊಂಡ್ರು” ಎಂದರೆ ತಪ್ಪು ಇಬ್ಬರ ಮೇಲೆ ಬಿತ್ತು; “ಸಂಬಂಧ ಹರೀತು” ಎಂದರೆ ಆ ಎಳೆ ಎಷ್ಟು ದಿನ ಜಗ್ಗಿಸಿಕೊಂಡಿತ್ತೋ ಎಂಬ ಮರುಕ ಅದರಲ್ಲಿದೆ. ಹಗ್ಗದ ಸೀವರ್ ಯಾವುದು, ಸಂಬಂಧದ ಸೀವರ್ ಯಾವುದು, ಅದನ್ನು ಮಾಡಿದವರು ಯಾರು ಎಂದು ಮೊದಲು ಮಕ್ಕಳನ್ನು ಕೇಳಿರಿ, ಆಮೇಲೆ ಶಬ್ದ ತಾನಾಗಿ ಬರುತ್ತದೆ.

ಮತ್ತು ಒಂದು ಕೆಲಸ ಮಾಡಿರಿ. ಬರುವ ಶನಿವಾರ ಮಕ್ಕಳಿಗೆ ಒಂದೊಂದು ಹಾಳೆ ಕೊಟ್ಟು, ಮನೆಯಲ್ಲಿ, ಹೊಲದಲ್ಲಿ, ಅಂಗಡಿಯಲ್ಲಿ ಅಲಗು ಹಿಡಿದವರು ಯಾವುದಕ್ಕೆ ಏನು ಅನ್ನುತ್ತಾರೆಂದು ಕೇಳಿ ಬರೆದು ತರಲು ಹೇಳಿರಿ. ಬಡಿಗೇರರ ಮನೆ, ಕಂಬಾರರ ಮನೆ, ದರ್ಜಿ ಅಂಗಡಿ, ಕಬ್ಬಿನ ಗ್ಯಾಂಗಿನವರ ಗುಡಿಸಲು ಯಾವುದನ್ನೂ ಬಿಡಬಾರದು. ಬಂದ ಹಾಳೆಗಳನ್ನು ತಿದ್ದದೆ ನನಗೆ ಕಳುಹಿಸಿರಿ. ‘ಜ್ವಾಳ’ ಎಂದು ಬರೆದಿದ್ದರೆ ‘ಜ್ವಾಳ’ ಎಂದೇ ಇರಲಿ. ಮುಂದಿನ ಸಂಚಿಕೆಯಲ್ಲಿ ಅವುಗಳಿಗಾಗಿ ಎರಡು ಪುಟ ತೆಗೆದಿಟ್ಟಿದ್ದೇನೆ, ಪ್ರತಿ ಶಬ್ದದ ಕೆಳಗೆ ತಂದ ಮಗುವಿನ ತರಗತಿಯೂ ಅದನ್ನು ಹೇಳಿದವರ ಕಸುಬೂ ಅಚ್ಚಾಗುತ್ತವೆ.